ಸಾಂಸ್ಥಿಕ ವರ್ಣಭೇದವನ್ನು ಅಳೆಯುವುದು ಹೇಗೆ?

ಮೂತ್ರಪಿಂಡ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತಿದೆ ಎಂಬುದನ್ನು ಅಮೆರಿಕದ ವೈದ್ಯರು ಸಾಮಾನ್ಯವಾಗಿ ಒಂದು ಸೂತ್ರದಿಂದ ಅಂದಾಜು ಮಾಡುತ್ತಾರೆ. ಸ್ನಾಯುಗಳಿಂದ ಹುಟ್ಟಿ ಮೂತ್ರಪಿಂಡದ ಮೂಲಕ ಹೊರಹೋಗುವ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ಎಂಬ ಪ್ರಮಾಣ, ವಯಸ್ಸು, ಲಿಂಗ ಇವನ್ನು ಹಾಕಿದರೆ ಒಂದು ಸಂಖ್ಯೆ ಸಿಗುತ್ತದೆ. 2009ರಲ್ಲಿ ಪ್ರಕಟವಾಗಿ ದೇಶದ ತುಂಬ ಬಳಕೆಗೆ ಬಂದ ಸೂತ್ರದಲ್ಲಿ ಇನ್ನೊಂದು ಹೆಜ್ಜೆಯೂ ಇತ್ತು: ರೋಗಿ ಕಪ್ಪು ವರ್ಣೀಯರಾಗಿದ್ದರೆ ಬಂದ ಉತ್ತರವನ್ನು 1.159ರಿಂದ ಗುಣಿಸಬೇಕು. ಡಯಾಲಿಸಿಸ್ ಇನ್ನೂ ಶುರುವಾಗದ ರೋಗಿಗೆ ಈ ಸಂಖ್ಯೆ 20 ಅಥವಾ ಅದಕ್ಕಿಂತ ಕೆಳಗೆ ಇಳಿದ ಮೇಲೆಯೇ ಮೂತ್ರಪಿಂಡ ಕಸಿಗಾಗಿ ಕಾಯುವ ಅವಧಿಯ ಲೆಕ್ಕ ಆರಂಭವಾಗುತ್ತದೆ. ಒಂದೇ ವಯಸ್ಸಿನ, ಒಂದೇ ಲಿಂಗದ, ರಕ್ತಪರೀಕ್ಷೆಯಲ್ಲಿ ಒಂದೇ ಫಲಿತಾಂಶ ಬಂದಿರುವ ಇಬ್ಬರನ್ನು ಊಹಿಸಿಕೊಳ್ಳಿ. ಬಿಳಿಯ ರೋಗಿಯ ಸಂಖ್ಯೆ 18. ಅವರ ಸರದಿ ಅಂದೇ ಶುರುವಾಗುತ್ತದೆ. ಕಪ್ಪು ರೋಗಿಯ ಸಂಖ್ಯೆ ಅದೇ 18ನ್ನು 1.159ರಿಂದ ಗುಣಿಸಿ ಬಂದ 20.9. ಸರದಿಗೆ ಸೇರಬೇಕಾದರೆ ಅವರ ಕಾಯಿಲೆ ಇನ್ನಷ್ಟು ಉಲ್ಬಣಿಸಬೇಕು.

ಸೂತ್ರ ಬರೆದವರು ಯಾರಿಗೂ ಕೆಡುಕು ಬಗೆದವರಲ್ಲ. ಮೂತ್ರಪಿಂಡ ಬಿಳಿಯರದ್ದರಷ್ಟೇ ಕೆಲಸ ಮಾಡುತ್ತಿದ್ದರೂ ಅಧ್ಯಯನಕ್ಕೆ ಒಳಗಾದ ಕಪ್ಪು ಜನರ ರಕ್ತದಲ್ಲಿ ಸರಾಸರಿ ಕ್ರಿಯಾಟಿನಿನ್ ತುಸು ಹೆಚ್ಚಿತ್ತು. ಅವರ ಮೈಯಲ್ಲಿ ಸ್ನಾಯು ಹೆಚ್ಚಿರಬೇಕು ಎಂಬ ದುರ್ಬಲ ವಿವರಣೆಯೊಂದು ಜೊತೆಗಿತ್ತು. ಸರಾಸರಿಯಲ್ಲಿ ಕಂಡ ವ್ಯತ್ಯಾಸವನ್ನು ಎಲ್ಲ ಕಪ್ಪು ರೋಗಿಗಳ ಮೇಲೂ ಒಂದೇ ಸಮನೆ ಹೊರಿಸಲಾಯಿತು. ಆಮೇಲೆ ಪ್ರಯೋಗಾಲಯದ ಕಂಪ್ಯೂಟರ್ ತನ್ನ ಪಾಡಿಗೆ ತಾನು ಗುಣಿಸುತ್ತ ಹೋಯಿತು. ಎಷ್ಟೋ ರೋಗಿಗಳಿಗೆ ತಮ್ಮ ವರದಿಯಲ್ಲಿ ಇಂತಹ ಗುಣಾಕಾರವಿದೆ ಎಂಬುದೇ ತಿಳಿದಿರಲಿಲ್ಲ. 2021ರಲ್ಲಿ ಅಲ್ಲಿನ ಮೂತ್ರಪಿಂಡ ತಜ್ಞರ ಕಾರ್ಯಪಡೆ ವರ್ಣವನ್ನು ಸೂತ್ರದಿಂದ ಕಿತ್ತುಹಾಕಲು ಶಿಫಾರಸು ಮಾಡಿತು. 2023ರ ಜನವರಿಯಿಂದ ಹಳೆಯ ಸೂತ್ರದಿಂದ ನಷ್ಟ ಅನುಭವಿಸಿದವರ ಕಾಯುವ ಅವಧಿಯನ್ನು ಮರಳಿ ಲೆಕ್ಕ ಹಾಕುವುದು ಕಡ್ಡಾಯವಾಯಿತು. ಮುಂದಿನ ಸುಮಾರು ಒಂದು ವರ್ಷದಲ್ಲಿ 14,000ಕ್ಕೂ ಹೆಚ್ಚು ಕಪ್ಪು ರೋಗಿಗಳ ಸರದಿ ತಿದ್ದುಪಡಿಯಾಯಿತು. ಪ್ರತಿಯೊಬ್ಬರಿಗೂ ಮರಳಿ ಸಿಕ್ಕದ್ದು ಸರಾಸರಿ ಎರಡು ವರ್ಷ. ಮೂತ್ರಪಿಂಡ ಸೋಲುತ್ತಿರುವ ಮನುಷ್ಯನಿಗೆ ಎರಡು ವರ್ಷವೆಂದರೆ ಸಾವು ಬದುಕಿನ ನಡುವಿನ ಅಂತರ.

ಸಾಂಸ್ಥಿಕ ವರ್ಣಭೇದ ಎಂದರೆ ಏನು ಎಂದು ಕೇಳುವವರಿಗೆ ನಾನು ಮೊದಲು ತೋರಿಸಲು ಬಯಸುವುದು ಈ ಗುಣಾಕಾರವನ್ನು. ಇಲ್ಲಿ ಬೈಗುಳವಿಲ್ಲ, ಹಲ್ಲೆಯಿಲ್ಲ, ದ್ವೇಷ ಕಾರುವ ಮನುಷ್ಯನಿಲ್ಲ. ಹಾಗಿದ್ದೂ ಹಾನಿ ಇದೆ, ಅದು ಒಂದು ವರ್ಣದವರ ಮೇಲೆಯೇ ಬಿದ್ದಿದೆ. ಇದನ್ನು ಅಂಕಿಗಳಲ್ಲಲ್ಲದೆ ಬೇರೆ ಯಾವ ರೀತಿಯಲ್ಲೂ ಹಿಡಿಯಲು ಬರುವುದಿಲ್ಲ.

ಈ ಪರಿಕಲ್ಪನೆಗೆ ಹೆಸರು ಕೊಟ್ಟವರು ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕೆಲ್ ಮತ್ತು ರಾಜಕೀಯ ವಿಜ್ಞಾನಿ ಚಾರ್ಲ್ಸ್ ಹ್ಯಾಮಿಲ್ಟನ್. 1967ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟರು. ಬಿಳಿಯ ಉಗ್ರರು ಚರ್ಚಿನಲ್ಲಿ ಬಾಂಬ್ ಸಿಡಿಸಿ ಐದು ಮಕ್ಕಳನ್ನು ಕೊಂದರೆ ಇಡೀ ದೇಶ ಖಂಡಿಸುತ್ತದೆ ಎಂಬರ್ಥದ ಮಾತನ್ನು ಮೊದಲು ಹೇಳಿ, ಅದೇ ನಗರದಲ್ಲಿ ಸರಿಯಾದ ಆಹಾರ, ವಸತಿ, ವೈದ್ಯಕೀಯ ಸೌಲಭ್ಯವಿಲ್ಲದೆ ಪ್ರತಿ ವರ್ಷ ಸಾಯುವ ಐನೂರು ಕಪ್ಪು ಶಿಶುಗಳ ಲೆಕ್ಕವನ್ನು ಮುಂದಿಟ್ಟರು. ಮೊದಲನೆಯದಕ್ಕೆ ಅಪರಾಧಿ ಇದ್ದಾನೆ, ಎರಡನೆಯದಕ್ಕೆ ಇಲ್ಲ. ಬ್ರಿಟನ್ನಿನಲ್ಲಿ ಈ ಪದ ಅಧಿಕೃತ ಕಡತಕ್ಕೆ ಏರಿದ್ದು 1999ರಲ್ಲಿ. 1993ರ ಏಪ್ರಿಲ್‌ನಲ್ಲಿ ಲಂಡನ್ನಿನ ಎಲ್ಥಮ್‌ನ ಬಸ್ ನಿಲ್ದಾಣವೊಂದರ ಬಳಿ ಕೊಲೆಯಾದ ಹದಿನೆಂಟು ವರ್ಷದ ಕಪ್ಪು ಯುವಕ ಸ್ಟೀಫನ್ ಲಾರೆನ್ಸ್ ಪ್ರಕರಣದ ತನಿಖೆಯನ್ನು ಪೊಲೀಸರು ಹೇಗೆ ಹಾಳುಗೆಡವಿದರು ಎಂದು ಪರಿಶೀಲಿಸಿದ ನಿವೃತ್ತ ನ್ಯಾಯಾಧೀಶ ಸರ್ ವಿಲಿಯಂ ಮ್ಯಾಕ್‌ಫರ್ಸನ್, ಜನರ ಬಣ್ಣ, ಸಂಸ್ಕೃತಿ ಅಥವಾ ಮೂಲದ ಕಾರಣಕ್ಕೆ ಅವರಿಗೆ ತಕ್ಕ ಸೇವೆ ಕೊಡುವುದರಲ್ಲಿ ಒಂದು ಸಂಸ್ಥೆ ಒಟ್ಟಾಗಿ ಸೋಲುವುದನ್ನೇ ಸಾಂಸ್ಥಿಕ ವರ್ಣಭೇದ ಎಂದರು. ತಿಳಿಯದೆ ನಡೆದ ಪೂರ್ವಗ್ರಹವೂ, ಅಜ್ಞಾನವೂ, ವಿವೇಚನೆ ಇಲ್ಲದ ನಡವಳಿಕೆಯೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಎರಡೂ ಕಡೆ ಉದ್ದೇಶದ ಪ್ರಶ್ನೆಯನ್ನು ಬೇಕೆಂದೇ ಪಕ್ಕಕ್ಕೆ ಸರಿಸಲಾಗಿದೆ. ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಜಗಳಗಳಲ್ಲಿ ಅರ್ಧದಷ್ಟು ಇದನ್ನು ಮರೆತದ್ದರಿಂದ ಹುಟ್ಟಿವೆ.

ಒಂದೇ ಅಂಕಿ, ಎರಡು ಓದು

ಅಂತರಗಳಿಗೇನೂ ಕೊರತೆಯಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕ್ 2022ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಬಿಳಿಯ ಕುಟುಂಬಗಳ ಮಧ್ಯಾಂಕ ಸಂಪತ್ತು (ಅರ್ಧದಷ್ಟು ಕುಟುಂಬಗಳು ಇದಕ್ಕಿಂತ ಮೇಲೆ, ಅರ್ಧದಷ್ಟು ಕೆಳಗೆ) 2,85,000 ಡಾಲರ್, ಕಪ್ಪು ಕುಟುಂಬಗಳದ್ದು 44,900 ಡಾಲರ್. 2023ರಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ ಬಿಳಿಯ ತಾಯಂದಿರ ಮರಣ 14.5, ಕಪ್ಪು ತಾಯಂದಿರದ್ದು 50.3. ಇಂತಹ ಅಂಕಿ ಎದುರಿಗಿಟ್ಟಾಗ ಕೆಲವರು ಕೂಡಲೇ "ಇದೇ ವರ್ಣಭೇದಕ್ಕೆ ಸಾಕ್ಷಿ" ಎನ್ನುತ್ತಾರೆ. ಇನ್ನು ಕೆಲವರು ಅಷ್ಟೇ ಬೇಗ "ಅಂತರವಿದ್ದ ಮಾತ್ರಕ್ಕೆ ತಾರತಮ್ಯ ಇದೆಯೆಂದಲ್ಲ" ಎನ್ನುತ್ತಾರೆ. ಎರಡನೆಯವರ ಮಾತು ತರ್ಕದ ದೃಷ್ಟಿಯಿಂದ ಸರಿ. ಆದರೆ ಆ ಮಾತು ಹೇಳಿ ಎದ್ದು ಹೋಗುವುದಕ್ಕೂ, ಆ ಮಾತಿನಿಂದ ಕೆಲಸ ಶುರು ಮಾಡುವುದಕ್ಕೂ ಅಜಗಜಾಂತರವಿದೆ.

ಈ ವ್ಯತ್ಯಾಸವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಇಬ್ಬರು ಲೆಕ್ಕಿಗರು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾರೆ. ಫ್ರೆಡರಿಕ್ ಹಾಫ್‌ಮನ್ ಪ್ರುಡೆನ್ಷಿಯಲ್ ವಿಮಾ ಕಂಪನಿಯ ಸಂಖ್ಯಾಶಾಸ್ತ್ರಜ್ಞ. ಕಪ್ಪು ಜನರ ಮರಣ ಪ್ರಮಾಣ ಬಿಳಿಯರಿಗಿಂತ ಹೆಚ್ಚಿದೆ ಎಂಬುದಕ್ಕೆ ರಾಶಿ ರಾಶಿ ಕೋಷ್ಟಕಗಳನ್ನು ಜೋಡಿಸಿ 1896ರಲ್ಲಿ ಅವನು ತೆಗೆದ ತೀರ್ಮಾನ ಒಂದೇ: ಆ ಜನಾಂಗದ ಹುಟ್ಟುಗುಣವೇ ಹಾಗೆ, ಅದು ಅಳಿವಿನ ಹಾದಿಯಲ್ಲಿದೆ. ಕಪ್ಪು ಜನರಿಗೆ ವಿಮೆ ನಿರಾಕರಿಸುವವರಿಗೆ ಈ ವಿಜ್ಞಾನದ ಮುದ್ರೆ ದಶಕಗಳ ಕಾಲ ಉಪಯೋಗಕ್ಕೆ ಬಂತು. ಅದೇ ಕಾಲದಲ್ಲಿ ಕಪ್ಪು ಸಮಾಜಶಾಸ್ತ್ರಜ್ಞ ಡಬ್ಲ್ಯು. ಇ. ಬಿ. ಡುಬಾಯ್ಸ್ ಫಿಲಡೆಲ್ಫಿಯಾದ ಏಳನೆಯ ವಾರ್ಡಿನಲ್ಲಿ ವಾಸ ಹೂಡಿ, ಪ್ರಶ್ನಾವಳಿ ಹಿಡಿದು ಮನೆ ಮನೆಗೂ ಹೋದರು. ಎಷ್ಟು ಕೋಣೆ, ಎಷ್ಟು ಜನ, ಏನು ಕೆಲಸ, ಎಷ್ಟು ಬಾಡಿಗೆ, ನೀರು ಎಲ್ಲಿಂದ ಎಂದು ಕೇಳಿ ಬರೆದುಕೊಂಡರು. 1899ರಲ್ಲಿ ಪ್ರಕಟವಾದ ಆ ಅಧ್ಯಯನ ಮರಣ ಪ್ರಮಾಣದ ಅಂತರವನ್ನು ಅಲ್ಲಗಳೆಯಲಿಲ್ಲ. ಅದು ನಗರದ ವಾರ್ಡುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿತು. ಕೊಳಕು ಗಲ್ಲಿಗಳ ಐದನೆಯ ವಾರ್ಡಿನಲ್ಲಿ ಕಪ್ಪು ಜನರ ಮರಣ ಪ್ರಮಾಣ, ಒಳ್ಳೆಯ ಮನೆ ಮತ್ತು ಸ್ವಚ್ಛ ಬೀದಿಗಳಿದ್ದ ಮೂವತ್ತನೆಯ ವಾರ್ಡಿನ ಕಪ್ಪು ಜನರದ್ದಕ್ಕಿಂತ ದುಪ್ಪಟ್ಟಿಗೂ ಹೆಚ್ಚಿತ್ತು. ಜನಾಂಗ ಒಂದೇ, ಬೀದಿ ಬೇರೆ, ಸಾವು ಬೇರೆ.

ಹಾಫ್‌ಮನ್ ಅಂತರವನ್ನು ಉತ್ತರ ಎಂದು ತಿಳಿದ, ಡುಬಾಯ್ಸ್ ಪ್ರಶ್ನೆ ಎಂದು ತಿಳಿದರು. ಇಂದಿಗೂ ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸವೆಲ್ಲ ಡುಬಾಯ್ಸ್ ದಾರಿಯಲ್ಲೇ ಸಾಗಿದೆ.

ಸಮಗೊಳಿಸುವುದರಲ್ಲಿ ಅಡಗಿದ ಮೋಸ

ಅಂತರವನ್ನು ಪರೀಕ್ಷಿಸುವ ಅತಿ ಸಾಮಾನ್ಯ ವಿಧಾನ, ಇತರ ಅಂಶಗಳನ್ನು ಸಮಗೊಳಿಸಿ ನೋಡುವುದು. ಕಪ್ಪು ಮತ್ತು ಬಿಳಿಯ ನೌಕರರ ಸಂಬಳದಲ್ಲಿ ವ್ಯತ್ಯಾಸವಿದೆ ಎನ್ನೋಣ. ಒಂದೇ ವಯಸ್ಸಿನ, ಒಂದೇ ಓದಿನ, ಒಂದೇ ಹುದ್ದೆಯ, ಒಂದೇ ಊರಿನ ನೌಕರರನ್ನು ಹೋಲಿಸಿದಾಗ ಆ ವ್ಯತ್ಯಾಸ ಎಷ್ಟು ಉಳಿಯುತ್ತದೆ? ಉಳಿದದ್ದು ಮಾತ್ರ ತಾರತಮ್ಯ, ಕರಗಿದ್ದೆಲ್ಲ "ವಿವರಣೆ ಸಿಕ್ಕ" ಭಾಗ ಎಂದು ವರದಿಗಳು ಬರೆಯುತ್ತವೆ. ಪತ್ರಿಕೆಗಳೂ ಹಾಗೆಯೇ ಪ್ರಕಟಿಸುತ್ತವೆ.

ನನ್ನ ತಕರಾರು ಇರುವುದು ಇಲ್ಲೇ. ಯಾವುದನ್ನು ಸಮಗೊಳಿಸಬೇಕು ಎಂಬ ಆಯ್ಕೆ ಗಣಿತದ ಆಯ್ಕೆಯಲ್ಲ. ಓದನ್ನು ಸಮಗೊಳಿಸಿದ ಕೂಡಲೇ, ಓದಿಗೆ ಅಡ್ಡ ಬಂದ ಶಾಲೆಯ ತಪ್ಪು ಲೆಕ್ಕದಿಂದ ಹೊರಗೆ ಬೀಳುತ್ತದೆ. ಹುದ್ದೆಯನ್ನು ಸಮಗೊಳಿಸಿದರೆ, ಬಡ್ತಿ ಕೊಡದ ಕಂಪನಿಯ ತಪ್ಪು ಮಾಯವಾಗುತ್ತದೆ. ಎಲ್ಲವನ್ನೂ ಸಮಗೊಳಿಸಿ, ಕೊನೆಗೆ ಏನೂ ಉಳಿಯಲಿಲ್ಲ ಎಂದು ಘೋಷಿಸುವುದು ಬಹಳ ಸುಲಭ.

ಇದಕ್ಕೆ ಅಮೆರಿಕದ ಮಾದಕವಸ್ತು ಕಾನೂನಿಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 1986ರ ಕಾಯ್ದೆಯಂತೆ ಐದು ಗ್ರಾಂ ಕ್ರ್ಯಾಕ್ ಕೊಕೇನ್ ಪ್ರಕರಣಕ್ಕೆ ಕನಿಷ್ಠ ಐದು ವರ್ಷ ಜೈಲು ಇತ್ತು. ಅದೇ ಐದು ವರ್ಷ ಬೀಳಬೇಕಾದರೆ ಪುಡಿ ಕೊಕೇನ್ ಐನೂರು ಗ್ರಾಂ ಇರಬೇಕಿತ್ತು. ಎರಡೂ ಒಂದೇ ಮಾದಕವಸ್ತುವಿನ ಎರಡು ರೂಪಗಳು. ಫೆಡರಲ್ ನ್ಯಾಯಾಲಯಗಳಲ್ಲಿ ಕ್ರ್ಯಾಕ್ ಪ್ರಕರಣಗಳಲ್ಲಿ ಶಿಕ್ಷೆಗೊಳಗಾದವರಲ್ಲಿ ಆ ಕಾಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಕಪ್ಪು ವರ್ಣೀಯರಾಗಿದ್ದರು. ಈಗ ಒಬ್ಬ ಸಂಖ್ಯಾಶಾಸ್ತ್ರಜ್ಞ ಬಂದು, ವಸ್ತು ಯಾವುದು, ಎಷ್ಟು ಗ್ರಾಂ ಎಂಬುದನ್ನು ಸಮಗೊಳಿಸಿ ಲೆಕ್ಕ ಮಾಡುತ್ತಾನೆ. ಐದು ಗ್ರಾಂ ಕ್ರ್ಯಾಕ್ ಇಟ್ಟುಕೊಂಡ ಬಿಳಿಯನಿಗೂ ಕಪ್ಪು ವರ್ಣೀಯನಿಗೂ ನ್ಯಾಯಾಧೀಶರು ಅದೇ ಐದು ವರ್ಷ ಕೊಟ್ಟಿರುತ್ತಾರೆ. ಲೆಕ್ಕದಲ್ಲಿ ಅಂತರ ಇಲ್ಲವೇ ಇಲ್ಲ! ನ್ಯಾಯಾಧೀಶರ ಮಟ್ಟಿಗೆ ಅದು ನಿಜವೂ ಹೌದು. ಆದರೆ ತಾರತಮ್ಯ ಇದ್ದದ್ದು ಒಂದಕ್ಕೆ ನೂರು ಎಂಬ ಆ ಅನುಪಾತದಲ್ಲಿ. ಅದನ್ನೇ ಸಮಗೊಳಿಸಿದ ಮೇಲೆ ಇನ್ನೇನು ಕಾಣಬೇಕು? 2010ರಲ್ಲಿ ಸಂಸತ್ತು ಈ ಅನುಪಾತವನ್ನು ಒಂದಕ್ಕೆ ಹದಿನೆಂಟಕ್ಕೆ ಇಳಿಸಿತು. ಸಮಾನತೆ ಇನ್ನೂ ಬಂದಿಲ್ಲ.

ಸಂಪತ್ತಿನ ಅಂತರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇಂದಿನ ಬ್ಯಾಂಕೊಂದು ಸಾಲ ಕೊಡುವಾಗ ಅರ್ಜಿದಾರರ ಆಸ್ತಿ ಮತ್ತು ಮುಂಗಡ ಹಣವನ್ನು ನೋಡುತ್ತದೆ. ಅವೆರಡನ್ನು ಸಮಗೊಳಿಸಿದರೆ ಬ್ಯಾಂಕು ನಿರ್ದೋಷಿ ಎನಿಸಬಹುದು. ಆದರೆ ಆಸ್ತಿ ಎಲ್ಲಿಂದ ಬಂತು? 1930ರ ದಶಕದಲ್ಲಿ ಫೆಡರಲ್ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ತಯಾರಿಸಿ, ಕಪ್ಪು ಜನ ವಾಸಿಸುವ ಬಡಾವಣೆಗಳಿಗೆ ಸಾಲದ ಅಪಾಯ ಹೆಚ್ಚೆಂದು ಕೆಂಪು ಬಣ್ಣ ಬಳಿಯಿತು. ಎರಡನೆಯ ಮಹಾಯುದ್ಧದ ಯೋಧರಿಗೆ ಮನೆ, ವ್ಯಾಪಾರ, ಜಮೀನಿನ ಸಾಲಕ್ಕೆ ಸರ್ಕಾರವೇ ಖಾತರಿ ನಿಲ್ಲುವ 1944ರ ಕಾನೂನಿನಲ್ಲಿ ಬಣ್ಣದ ಪ್ರಸ್ತಾಪವೇ ಇರಲಿಲ್ಲ. ಸಾಲ ಕೊಡುವವರು ಮಾತ್ರ ಸ್ಥಳೀಯ ಬ್ಯಾಂಕಿನವರು. ಕಪ್ಪು ಜನಸಂಖ್ಯೆ ಅರ್ಧದ ಸಮೀಪ ಇದ್ದ ಮಿಸಿಸಿಪಿ ರಾಜ್ಯದಲ್ಲಿ 1947ರಲ್ಲಿ ಇಂತಹ 3,229 ಸಾಲಗಳು ಮಂಜೂರಾದವು. ಅವುಗಳಲ್ಲಿ ಕಪ್ಪು ಯೋಧರಿಗೆ ಸಿಕ್ಕದ್ದು ಎರಡು. ಅಂದು ಮನೆ ಕೊಂಡವರ ಮಕ್ಕಳು ಆ ಮನೆಯನ್ನು ಅಡವಿಟ್ಟು ಕಾಲೇಜು ಓದಿದರು, ಮೊಮ್ಮಕ್ಕಳು ಅದನ್ನು ಮಾರಿದ ಹಣದಲ್ಲಿ ತಮ್ಮ ಮನೆಗೆ ಮುಂಗಡ ಕಟ್ಟಿದರು. ಎಪ್ಪತ್ತೈದು ವರ್ಷದ ನಂತರದ ಸಮೀಕ್ಷೆಯಲ್ಲಿ ಕಾಣುವ ಆರು ಪಟ್ಟು ಅಂತರದೊಳಗೆ ಆ ಎರಡು ಸಾಲಗಳ ಲೆಕ್ಕವೂ ಸೇರಿದೆ.

ಆದ್ದರಿಂದ ಕಚ್ಚಾ ಅಂತರವೂ ಬೇಕು, ಸಮಗೊಳಿಸಿದ ಅಂತರವೂ ಬೇಕು. ಮೊದಲನೆಯದು ಇಡೀ ದಾರಿಯನ್ನು ಅಳೆಯುತ್ತದೆ, ಎರಡನೆಯದು ಒಂದು ಬಾಗಿಲನ್ನು. ಒಂದು ಬಾಗಿಲಿನ ಅಳತೆ ತೋರಿಸಿ ದಾರಿಯೆಲ್ಲ ನೆಟ್ಟಗಿದೆ ಎನ್ನುವ ವರದಿಯನ್ನು ನಂಬಬಾರದು. ದಾರಿ ವಕ್ರವಾಗಿದೆ ಎಂಬ ಕಾರಣಕ್ಕೆ ಪ್ರತಿ ಬಾಗಿಲಲ್ಲೂ ತಪ್ಪು ನಡೆದಿದೆ ಎನ್ನುವ ವರದಿಯನ್ನೂ ನಂಬಬಾರದು.

ಬಾಗಿಲು ಬಾಗಿಲಿಗೂ ಪರೀಕ್ಷೆ

ಒಂದು ಬಾಗಿಲನ್ನು ಪರೀಕ್ಷಿಸಲು ಈಗ ಒಳ್ಳೆಯ ಸಾಧನಗಳಿವೆ. ಸಮಾಜಶಾಸ್ತ್ರಜ್ಞೆ ಡೆವಾ ಪೇಜರ್ ಮಿಲ್ವಾಕಿ ನಗರದಲ್ಲಿ ಯುವಕರ ಜೋಡಿಗಳನ್ನು ನಿಜವಾದ ಕೆಲಸದ ಜಾಹೀರಾತುಗಳಿಗೆ ಕಳುಹಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದು, ಅನುಭವ, ಮಾತಿನ ರೀತಿ ಎಲ್ಲ ಹೊಂದಿಸಿ ತರಬೇತಿ ಕೊಟ್ಟಿದ್ದರು. ಜೋಡಿಯಲ್ಲಿ ಸರದಿಯ ಮೇಲೆ ಒಬ್ಬ ತಾನು ಜೈಲಿಗೆ ಹೋಗಿ ಬಂದವನೆಂದು ಹೇಳಬೇಕಿತ್ತು. ಜೈಲಿನ ದಾಖಲೆ ಇಲ್ಲದ ಬಿಳಿಯರಲ್ಲಿ ಶೇ 34ರಷ್ಟು ಮಂದಿಗೆ ಮರುಕರೆ ಬಂತು, ಜೈಲಿಗೆ ಹೋಗಿ ಬಂದ ಬಿಳಿಯರಿಗೆ ಶೇ 17. ಯಾವ ದಾಖಲೆಯೂ ಇಲ್ಲದ ಕಪ್ಪು ಯುವಕರಿಗೆ ಶೇ 14, ದಾಖಲೆ ಇದ್ದವರಿಗೆ ಶೇ 5. ಕಳಂಕವಿಲ್ಲದ ಕಪ್ಪು ಯುವಕನಿಗಿಂತ ಜೈಲು ಕಂಡ ಬಿಳಿಯ ಯುವಕನೇ ಮೇಲು ಎಂದು ಆ ನಗರದ ಮಾಲೀಕರು ತಮ್ಮ ನಡತೆಯಿಂದಲೇ ಹೇಳಿದ್ದರು. ಇಲ್ಲಿ ಸಮಗೊಳಿಸುವ ವಿವಾದವೇ ಏಳುವುದಿಲ್ಲ, ಏಕೆಂದರೆ ಸಂಶೋಧಕರೇ ಎಲ್ಲವನ್ನೂ ಸಮ ಮಾಡಿ ಕಳುಹಿಸಿದ್ದಾರೆ.

ಆದರೆ ಇಂತಹ ಪ್ರಯೋಗ ಊರಿನ ಬಗ್ಗೆ ಹೇಳುತ್ತದೆಯೇ ಹೊರತು ಇಂತಹ ಸಂಸ್ಥೆ ಎಂದು ಬೊಟ್ಟು ಮಾಡಿ ತೋರಿಸುವುದಿಲ್ಲ. ಆ ಕೊರತೆಯನ್ನು ಪ್ಯಾಟ್ರಿಕ್ ಕ್ಲೈನ್, ಇವಾನ್ ರೋಸ್, ಕ್ರಿಸ್ಟೋಫರ್ ವಾಲ್ಟರ್ಸ್ ಎಂಬ ಅರ್ಥಶಾಸ್ತ್ರಜ್ಞರು ತುಂಬಿದರು. ಅಮೆರಿಕದ ನೂರಕ್ಕೂ ಹೆಚ್ಚು ದೈತ್ಯ ಕಂಪನಿಗಳಿಗೆ ಸುಮಾರು 83,000 ಅರ್ಜಿಗಳನ್ನು ಕಳುಹಿಸಿ, ಪ್ರತಿ ಕಂಪನಿಯನ್ನೂ ಬೇರೆ ಬೇರೆ ಶಾಖೆಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದರು. ಕಪ್ಪು ಜನರಲ್ಲಿ ಹೆಚ್ಚಾಗಿ ಕಾಣುವ ಹೆಸರಿನ ಅರ್ಜಿಗಳಿಗೆ ಬಂದ ಕರೆ ಸರಾಸರಿ 2.1 ಶೇಕಡಾಂಶ ಕಡಿಮೆ. ಗಮನ ಸೆಳೆಯುವುದು ಸರಾಸರಿಯಲ್ಲ, ಹಂಚಿಕೆ. ಕಳೆದುಹೋದ ಕರೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಐದನೆಯ ಒಂದು ಭಾಗ ಕಂಪನಿಗಳೇ ಹೊಣೆ. ನೇಮಕಾತಿಯನ್ನು ಒಂದೇ ಕೇಂದ್ರದಿಂದ ನಡೆಸುವ ಕಂಪನಿಗಳಲ್ಲಿ ಅಂತರ ಕಡಿಮೆ ಇತ್ತು. ಸಾಂಸ್ಥಿಕ ಎಂಬ ವಿಶೇಷಣಕ್ಕೆ ಇಲ್ಲಿ ಹಿಡಿದು ತೋರಿಸಬಹುದಾದ ಅರ್ಥ ಸಿಗುತ್ತದೆ. ಒಂದೇ ದೇಶ, ಒಂದೇ ಮಾರುಕಟ್ಟೆ. ಆದರೂ ಅರ್ಜಿಯನ್ನು ಯಾರು ತೆರೆಯುತ್ತಾರೆ, ಯಾವ ನಿಯಮದಂತೆ ಆರಿಸುತ್ತಾರೆ ಎಂಬುದರ ಮೇಲೆ ಫಲ ಬದಲಾಗುತ್ತದೆ.

ಪೊಲೀಸ್ ವ್ಯವಸ್ಥೆಯಲ್ಲಿ ಅಳತೆ ಇನ್ನೂ ಕಠಿಣ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರು ತಡೆದು ಶೋಧಿಸುವ ಪ್ರಮಾಣ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ನಾಲ್ಕು ಪಟ್ಟು. ಜನಸಂಖ್ಯೆಯ ಜೊತೆ ಹೋಲಿಸುವುದು ಸರಿಯಲ್ಲ, ಆ ಹೊತ್ತಿನಲ್ಲಿ ಬೀದಿಯಲ್ಲಿ ಇದ್ದವರ ಜೊತೆ ಹೋಲಿಸಿ ಎಂಬುದು ಪೊಲೀಸರ ಉತ್ತರ. ಈ ಆಕ್ಷೇಪಣೆಗೆ ಸಂಶೋಧಕರು ಕಂಡುಕೊಂಡ ಉಪಾಯ ಬಹಳ ಜಾಣತನದ್ದು. ಕತ್ತಲಾದ ಮೇಲೆ ಕಾರಿನೊಳಗಿರುವ ಚಾಲಕನ ಬಣ್ಣ ಕಾಣುವುದು ಕಷ್ಟ. ಸಂಜೆ ಏಳು ಗಂಟೆ ಬೇಸಿಗೆಯಲ್ಲಿ ಬೆಳಕು, ಚಳಿಗಾಲದಲ್ಲಿ ಕತ್ತಲೆ. ಅದೇ ಗಂಟೆಯಲ್ಲಿ, ಅದೇ ರಸ್ತೆಗಳಲ್ಲಿ, ಬೆಳಕಿದ್ದಾಗ ಮತ್ತು ಇಲ್ಲದಾಗ ತಡೆಯಲಾದವರ ಪಟ್ಟಿಯನ್ನು ಹೋಲಿಸಿ ನೋಡಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಅಮೆರಿಕದ ಸುಮಾರು ಒಂಬತ್ತೂವರೆ ಕೋಟಿ ಸಂಚಾರ ತಪಾಸಣೆಗಳ ದಾಖಲೆ ಸಂಗ್ರಹಿಸಿ, ಅದರಲ್ಲಿ ಈ ಪರೀಕ್ಷೆ ನಡೆಸಿ 2020ರಲ್ಲಿ ವರದಿ ಮಾಡಿತು. ಕತ್ತಲಾದಾಗ ತಡೆಯಲಾದವರಲ್ಲಿ ಕಪ್ಪು ಚಾಲಕರ ಪಾಲು ಇಳಿದಿತ್ತು.

ಪೊಲೀಸರ ಸ್ವಂತ ದಾಖಲೆಯನ್ನೇ ನೆಚ್ಚಿಕೊಂಡರೆ ಇನ್ನೊಂದು ಅಪಾಯವಿದೆ. ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ 2016ರಲ್ಲಿ ಹ್ಯೂಸ್ಟನ್ ನಗರದ ಪೊಲೀಸ್ ದಾಖಲೆಗಳನ್ನು ಆಧರಿಸಿ, ಗುಂಡು ಹಾರಿಸುವುದರಲ್ಲಿ ವರ್ಣದ ವ್ಯತ್ಯಾಸ ಕಾಣಲಿಲ್ಲ ಎಂದು ಹೇಳಿದ್ದು ಬಹಳ ಚರ್ಚೆಯಾಯಿತು. ಪ್ರಾಣಾಪಾಯವಿಲ್ಲದ ಬಲಪ್ರಯೋಗದಲ್ಲಿ ದೊಡ್ಡ ಅಂತರವಿದೆ ಎಂದು ಅದೇ ಅಧ್ಯಯನ ಹೇಳಿದ್ದು ಅಷ್ಟಾಗಿ ಪ್ರಚಾರವಾಗಲಿಲ್ಲ. 2020ರಲ್ಲಿ ನಾಕ್ಸ್, ಲೋ, ಮುಮೊಲೊ ಎಂಬ ಮೂವರು ಸಂಶೋಧಕರು ಇದರ ಬುಡಕ್ಕೇ ಕೈ ಹಾಕಿದರು. ಪೊಲೀಸ್ ದಾಖಲೆಯಲ್ಲಿರುವವರು ಪೊಲೀಸರು ಈಗಾಗಲೇ ತಡೆದವರು ಮಾತ್ರ. ಬಿಳಿಯರನ್ನು ಗಂಭೀರ ಅನುಮಾನವಿದ್ದಾಗ ಮಾತ್ರ ತಡೆದು, ಕಪ್ಪು ಜನರನ್ನು ಸಣ್ಣ ನೆಪಕ್ಕೂ ತಡೆಯುವ ಊರಿನಲ್ಲಿ, ತಡೆಯಲಾದ ಕಪ್ಪು ಜನರಲ್ಲಿ ನಿರಪಾಯಕಾರಿಗಳೇ ಹೆಚ್ಚಿರುತ್ತಾರೆ. ಅವರ ಮೇಲೂ ಬಿಳಿಯರಷ್ಟೇ ಬಲಪ್ರಯೋಗ ನಡೆದಿದ್ದರೆ ಕೋಷ್ಟಕದಲ್ಲಿ ಅದು ಸಮಾನತೆಯಂತೆ ಕಾಣುತ್ತದೆ. ಮೊದಲ ಬಾಗಿಲಿನ ತಾರತಮ್ಯವೇ ಎರಡನೆಯ ಬಾಗಿಲಿನ ತಾರತಮ್ಯವನ್ನು ಮುಚ್ಚಿಹಾಕುತ್ತದೆ.

ಎದುರು ವಾದಕ್ಕೆ ನ್ಯಾಯ ಸಲ್ಲಬೇಕು

ಎಲ್ಲ ಅಂತರವನ್ನೂ ವರ್ಣಭೇದದ ಖಾತೆಗೆ ಬರೆಯುವುದನ್ನು ವಿರೋಧಿಸುವವರ ಬಳಿ ಗಟ್ಟಿ ಅಂಶಗಳಿವೆ. ಸಮುದಾಯಗಳ ಸರಾಸರಿ ವಯಸ್ಸು ಬೇರೆ, ವಲಸೆ ಬಂದ ಕಾಲ ಬೇರೆ, ನೆಲೆಸಿದ ಊರು ಬೇರೆ. ಬ್ರಿಟನ್ ಸರ್ಕಾರ ನೇಮಿಸಿದ, ಟೋನಿ ಸ್ಯೂಯೆಲ್ ಅಧ್ಯಕ್ಷತೆಯ ಆಯೋಗ 2021ರಲ್ಲಿ ಇದನ್ನೇ ಒತ್ತಿ ಹೇಳಿತು. ಶಾಲಾ ಪರೀಕ್ಷೆಗಳಲ್ಲಿ ಭಾರತೀಯ ಮತ್ತು ಚೀನೀ ಮೂಲದ ಮಕ್ಕಳು ಬಿಳಿಯ ಮಕ್ಕಳಿಗಿಂತ ಮುಂದಿದ್ದಾರೆ. ಬಿಳಿಯರಲ್ಲದವರೆಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ ಎಂಬ ಆಯೋಗದ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಅದೇ ಮಾತು ಆಯೋಗ ಮೆಚ್ಚಿಕೊಂಡ ಅಂಕಿಗೂ ಅನ್ವಯಿಸುತ್ತದೆ. 2019ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಿಳಿಯರಿಗೂ ಅಲ್ಪಸಂಖ್ಯಾತ ಜನಾಂಗಗಳಿಗೂ ಇದ್ದ ವೇತನದ ಅಂತರ ಕೇವಲ ಶೇ 2.3. ಬಹಳ ಒಳ್ಳೆಯ ಸುದ್ದಿ ಎನಿಸುತ್ತದೆ. ಅದೇ ಅಧಿಕೃತ ಅಂಕಿಅಂಶಗಳಲ್ಲಿ ಲಂಡನ್ ಒಂದನ್ನೇ ತೆಗೆದು ನೋಡಿದರೆ ಅಂತರ ಶೇ 23.8. ಅಲ್ಪಸಂಖ್ಯಾತ ನೌಕರರು ಹೆಚ್ಚಾಗಿ ಇರುವುದು ಲಂಡನ್ನಿನಲ್ಲಿ, ಸಂಬಳ ಹೆಚ್ಚಿರುವುದೂ ಲಂಡನ್ನಿನಲ್ಲಿ. ನಗರದೊಳಗೆ ಬಹಳ ಹಿಂದೆ ಬಿದ್ದವರು ಕೂಡ ದೇಶದ ಸರಾಸರಿಯ ಪಕ್ಕದಲ್ಲಿ ಚೆನ್ನಾಗಿಯೇ ಇರುವಂತೆ ಕಾಣುತ್ತಾರೆ. ಮೊತ್ತದ ಅಂಕಿ ಅಂತರವನ್ನು ಹಿಗ್ಗಿಸಬಲ್ಲುದು, ಹಾಗೆಯೇ ನುಂಗಲೂಬಲ್ಲುದು.

ಬಡತನವೇ ಮೂಲ, ವರ್ಣವಲ್ಲ ಎಂಬ ವಾದವನ್ನೂ ಪರೀಕ್ಷಿಸಲಾಗಿದೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಸುಮಾರು ಎರಡು ಕೋಟಿ ಅಮೆರಿಕನ್ ಮಕ್ಕಳ ತೆರಿಗೆ ಮತ್ತು ಜನಗಣತಿ ದಾಖಲೆಗಳನ್ನು ಜೋಡಿಸಿ ನೋಡಿದರು. ತಂದೆತಾಯಿಯ ಆದಾಯ ಒಂದೇ ಇದ್ದು, ಒಂದೇ ಬಡಾವಣೆಯಲ್ಲಿ ಬೆಳೆದರೂ ದೊಡ್ಡವರಾದ ಮೇಲೆ ಕಪ್ಪು ಗಂಡುಮಕ್ಕಳ ಗಳಿಕೆ ಬಿಳಿಯ ಗಂಡುಮಕ್ಕಳಿಗಿಂತ ಕಡಿಮೆ. ನೂರರಲ್ಲಿ ತೊಂಬತ್ತೊಂಬತ್ತು ಬಡಾವಣೆಗಳಲ್ಲಿ ಹೀಗೆ! ಹೆಣ್ಣುಮಕ್ಕಳ ವೈಯಕ್ತಿಕ ಗಳಿಕೆಯಲ್ಲಿ ಮಾತ್ರ ಇಂತಹ ಅಂತರ ಕಾಣಲಿಲ್ಲ. ಒಂದೇ ಮನೆಯಲ್ಲಿ ಬೆಳೆದ ಅಣ್ಣನಿಗೂ ತಂಗಿಗೂ ಹೀಗೆ ಬೇರೆ ಬೇರೆ ಫಲ ಬರುವುದಾದರೆ, ಕುಟುಂಬವೇ ಸರಿಯಿಲ್ಲ, ಸಂಸ್ಕೃತಿಯೇ ಹಾಗೆ ಎಂಬ ವಿವರಣೆ ನಿಲ್ಲುವುದು ಕಷ್ಟ. ಆ ಅಣ್ಣ ಮನೆಯಿಂದ ಹೊರಗೆ ಬಂದಾಗ ಎದುರಾಗುವ ಶಾಲೆ, ಪೊಲೀಸ್, ಕೆಲಸ ಕೊಡುವವರ ಕಡೆಗೆ ನೋಡಬೇಕಾಗುತ್ತದೆ.

ಸ್ಯೂಯೆಲ್ ಆಯೋಗ ಎಡವಿದ್ದು ಇನ್ನೊಂದು ಕಡೆ. ಅಲ್ಪಸಂಖ್ಯಾತರ ವಿರುದ್ಧ ಉದ್ದೇಶಪೂರ್ವಕವಾಗಿ ಸಜ್ಜುಗೊಳಿಸಿದ ವ್ಯವಸ್ಥೆ ಬ್ರಿಟನ್ನಿನಲ್ಲಿ ಈಗ ಕಾಣುವುದಿಲ್ಲ ಎಂಬರ್ಥದ ಮಾತನ್ನು ಅದು ಬರೆಯಿತು. ಉದ್ದೇಶದ ಆರೋಪವನ್ನು ಹೊರಿಸಿದವರಾದರೂ ಯಾರು? ಮ್ಯಾಕ್‌ಫರ್ಸನ್ ಹೊರಿಸಿರಲಿಲ್ಲ. ಎರಡು ವರ್ಷದ ಬಳಿಕ ಲೂಯಿಸ್ ಕೇಸಿ ವರದಿ ಲಂಡನ್ ಪೊಲೀಸ್ ಪಡೆಯಲ್ಲಿ ಸಾಂಸ್ಥಿಕ ವರ್ಣಭೇದವಿದೆ ಎಂದು ಮತ್ತೆ ಹೇಳಿದಾಗ, ಆಯುಕ್ತ ಮಾರ್ಕ್ ರೌಲಿ ವರದಿಯ ಅಂಶಗಳನ್ನು ಒಪ್ಪಿಕೊಂಡು, ಸಾಂಸ್ಥಿಕ ಎಂಬ ಪದವನ್ನು ಮಾತ್ರ ತಾನು ಬಳಸುವುದಿಲ್ಲ ಎಂದರು. ಹೆಸರು ಒಪ್ಪಿದರೆ ಹೊಣೆಯೂ ಸಂಸ್ಥೆಗೆ ಅಂಟುತ್ತದೆ ಎಂಬ ಭಯ ಇಂತಹ ಕಡೆಗಳಲ್ಲಿ ಕೆಲಸ ಮಾಡುತ್ತದೆ ಎಂದು ನನಗೆ ಅನ್ನಿಸುತ್ತದೆ.

ಎಣಿಸುವುದನ್ನೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸ್ ಇದೆ. ಗಣರಾಜ್ಯ ಬಣ್ಣ ನೋಡುವುದಿಲ್ಲ ಎಂಬ ತತ್ವದ ಮೇಲೆ ಅಲ್ಲಿನ ಜನಗಣತಿ ವರ್ಣವನ್ನು ಕೇಳುವುದಿಲ್ಲ. 1978ರ ಕಾನೂನು ಅಂತಹ ಮಾಹಿತಿ ಸಂಗ್ರಹವನ್ನು ಬಿಗಿಯಾಗಿ ನಿರ್ಬಂಧಿಸುತ್ತದೆ. ಆದರೂ ಅಲ್ಲಿನ ಹಕ್ಕು ರಕ್ಷಣಾ ಸಂಸ್ಥೆ ಸುಮಾರು ಐದು ಸಾವಿರ ಜನರನ್ನು ಕೇಳಿ 2017ರಲ್ಲಿ ವರದಿ ಕೊಟ್ಟಾಗ, ನೋಡಲು ಅರಬ್ ಅಥವಾ ಕಪ್ಪು ವರ್ಣೀಯರಂತೆ ಕಾಣುವ ಯುವಕರನ್ನು ಪೊಲೀಸರು ತಡೆದು ಗುರುತಿನ ಚೀಟಿ ಕೇಳುವ ಸಾಧ್ಯತೆ ಉಳಿದವರಿಗಿಂತ ಇಪ್ಪತ್ತು ಪಟ್ಟು ಎಂದು ತಿಳಿಯಿತು. ಗಣತಿ ಬಣ್ಣವನ್ನು ನೋಡದಿದ್ದರೂ ಪೊಲೀಸರು ನೋಡುತ್ತಲೇ ಇದ್ದರು.

ಅಂತರಕ್ಕೆ ಉತ್ತರ ಹೇಳುವ ಹೊಣೆ ಯಾರದು ಎಂಬ ಪ್ರಶ್ನೆ ಕೊನೆಗೆ ಕಾನೂನಿನ ಅಂಗಳಕ್ಕೆ ಬರುತ್ತದೆ. ನಾರ್ತ್ ಕ್ಯಾರೊಲಿನಾದ ಡ್ಯೂಕ್ ಪವರ್ ಕಂಪನಿಯ ವಿದ್ಯುತ್ ಸ್ಥಾವರದಲ್ಲಿ ಕಪ್ಪು ಕಾರ್ಮಿಕರಿಗೆ ಕೂಲಿ ವಿಭಾಗದಲ್ಲಿ ಮಾತ್ರ ಜಾಗವಿತ್ತು. ಆ ವಿಭಾಗದ ಅತಿ ಹೆಚ್ಚಿನ ಸಂಬಳ ಉಳಿದ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತಲೂ ಕಡಿಮೆ. ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸುವ ಕಾನೂನು 1965ರ ಜುಲೈ 2ರಂದು ಜಾರಿಗೆ ಬಂತು. ಅದೇ ದಿನ ಕಂಪನಿ ಒಳ್ಳೆಯ ವಿಭಾಗಗಳಿಗೆ ಸೇರಲು ಹೊಸದಾಗಿ ಲಿಖಿತ ಪರೀಕ್ಷೆಗಳನ್ನು ತಂದಿತು. ಪ್ರೌಢಶಾಲೆಯ ಪ್ರಮಾಣಪತ್ರವೂ ಬೇಕಿತ್ತು. ಆ ರಾಜ್ಯದಲ್ಲಿ ಬಿಳಿಯ ಗಂಡಸರಲ್ಲಿ ಶೇ 34 ಮಂದಿ ಪ್ರೌಢಶಾಲೆ ಮುಗಿಸಿದ್ದರೆ ಕಪ್ಪು ಗಂಡಸರಲ್ಲಿ ಶೇ 12. ಅಂತಹವೇ ಪರೀಕ್ಷೆಗಳನ್ನು ಬಳಸಿದ ಇನ್ನೊಂದು ಪ್ರಕರಣದಲ್ಲಿ ಬಿಳಿಯರು ಶೇ 58ರಷ್ಟು ಮಂದಿ ತೇರ್ಗಡೆಯಾದರೆ ಕಪ್ಪು ಅಭ್ಯರ್ಥಿಗಳು ಶೇ 6. ಪ್ರಮಾಣಪತ್ರವಿಲ್ಲದೆ ಹಿಂದೆಯೇ ಸೇರಿಕೊಂಡಿದ್ದ ಬಿಳಿಯರು ಯಾವ ತೊಂದರೆಯೂ ಇಲ್ಲದೆ ಅದೇ ಕೆಲಸ ಮಾಡುತ್ತಿದ್ದರು. 1971ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು: ಒಂದು ನಿಯಮ ಒಂದು ಜನಾಂಗವನ್ನು ಹೊರಗಿಡುತ್ತಿದ್ದರೆ, ಆ ನಿಯಮ ಕೆಲಸಕ್ಕೆ ಅಗತ್ಯ ಎಂದು ತೋರಿಸುವುದು ಕಂಪನಿಯ ಹೊಣೆ. ಉದ್ದೇಶ ಒಳ್ಳೆಯದಿತ್ತು ಎಂದರೆ ಸಾಲದು. 1978ರಲ್ಲಿ ಇದಕ್ಕೊಂದು ಅಳತೆಗೋಲೂ ಬಂತು. ಒಂದು ಗುಂಪಿನ ಆಯ್ಕೆಯ ಪ್ರಮಾಣ ಅತಿ ಹೆಚ್ಚು ಆಯ್ಕೆಯಾದ ಗುಂಪಿನ ಐದರಲ್ಲಿ ನಾಲ್ಕು ಭಾಗಕ್ಕಿಂತ ಕಡಿಮೆಯಿದ್ದರೆ ತನಿಖೆಗೆ ಯೋಗ್ಯ. ಅಂತರ ಇಲ್ಲಿ ತೀರ್ಪೂ ಅಲ್ಲ, ನಿರ್ಲಕ್ಷಿಸಬಹುದಾದ ಸಂಗತಿಯೂ ಅಲ್ಲ. ಇದಕ್ಕಿಂತ ನ್ಯಾಯವಾದ ಏರ್ಪಾಡನ್ನು ನಾನು ಕಂಡಿಲ್ಲ. ಬ್ರಿಟನ್ನಿನ ಸಂಸದ ಡೇವಿಡ್ ಲ್ಯಾಮಿ 2017ರ ತಮ್ಮ ವರದಿಯಲ್ಲಿ ನ್ಯಾಯಾಂಗ ವ್ಯವಸ್ಥೆಗೆ ಹೇಳಿದ್ದೂ ಇದನ್ನೇ: ಅಂತರಕ್ಕೆ ಸಾಕ್ಷ್ಯಾಧಾರಿತ ವಿವರಣೆ ಕೊಡಿ, ಆಗದಿದ್ದರೆ ಸುಧಾರಿಸಿ.

ಆದರೆ ಅಮೆರಿಕದ ನ್ಯಾಯಾಲಯವೇ ಈ ದಾರಿಯಿಂದ ಹಿಂದೆ ಸರಿಯುತ್ತ ಬಂತು. ಸಂವಿಧಾನದಡಿ ಸಮಾನತೆ ಕೇಳುವವರು ಉದ್ದೇಶವನ್ನೇ ಸಾಬೀತುಪಡಿಸಬೇಕು ಎಂದು 1976ರಲ್ಲಿ ಹೇಳಿತು. ಮರಣದಂಡನೆಗೆ ಗುರಿಯಾಗಿದ್ದ ಕಪ್ಪು ವರ್ಣೀಯ ಮೆಕ್ಲೆಸ್ಕಿಯ 1987ರ ಪ್ರಕರಣದಲ್ಲಿ ಜಾರ್ಜಿಯಾ ರಾಜ್ಯದ ಎರಡು ಸಾವಿರಕ್ಕೂ ಹೆಚ್ಚು ಕೊಲೆ ಪ್ರಕರಣಗಳ ಅಧ್ಯಯನ ಅದರ ಮುಂದಿತ್ತು. ಹತ್ತಾರು ಅಂಶಗಳನ್ನು ಸಮಗೊಳಿಸಿದ ಮೇಲೂ, ಕೊಲೆಯಾದವರು ಬಿಳಿಯರಾಗಿದ್ದರೆ ಆರೋಪಿಗೆ ಮರಣದಂಡನೆ ಬೀಳುವ ಸಂಭವ 4.3 ಪಟ್ಟು ಎಂದು ಅದು ತೋರಿಸಿತ್ತು. ಅಂಕಿಗಳು ಸರಿ ಎಂದೇ ಇಟ್ಟುಕೊಂಡು, ಈ ಆರೋಪಿಯ ವಿಷಯದಲ್ಲಿ ದುರುದ್ದೇಶ ಸಾಬೀತಾಗಿಲ್ಲವೆಂದು ಐವರು ನ್ಯಾಯಮೂರ್ತಿಗಳು ಅರ್ಜಿಯನ್ನು ತಳ್ಳಿಹಾಕಿದರು. ನಾಲ್ವರು ಒಪ್ಪಲಿಲ್ಲ. 1991ರಲ್ಲಿ ಮೆಕ್ಲೆಸ್ಕಿಗೆ ಮರಣದಂಡನೆಯಾಯಿತು. ಬಹುಮತದ ತೀರ್ಪು ಬರೆದ ಲೂಯಿಸ್ ಪೊವೆಲ್ ನಿವೃತ್ತಿಯ ನಂತರ, ಬದಲಾಯಿಸಲು ಸಾಧ್ಯವಿದ್ದರೆ ಆ ಮತವನ್ನು ಬದಲಾಯಿಸುತ್ತಿದ್ದೆ ಎಂದರು.

2025ರ ಏಪ್ರಿಲ್ 23ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ 1971ರ ತೀರ್ಪಿನಿಂದ ಬೆಳೆದ ಈ ತತ್ವದ ಮೇಲೆಯೇ ಬಿದ್ದಿದೆ. ಪರಿಣಾಮದ ಆಧಾರದ ಮೇಲೆ ಸಂಸ್ಥೆಗಳನ್ನು ಹೊಣೆ ಮಾಡುವುದು ಪ್ರತಿಭೆಗೆ ವಿರುದ್ಧ ಎಂಬುದು ಆದೇಶದ ನಿಲುವು. ಅಂತಹ ನಿಯಮಗಳ ಜಾರಿಗೆ ಆದ್ಯತೆ ಕೊಡಬೇಡಿ ಎಂದು ಫೆಡರಲ್ ಇಲಾಖೆಗಳಿಗೆ ಅದು ಸೂಚಿಸುತ್ತದೆ. ಉದ್ಯೋಗದ ವಿಷಯದಲ್ಲಿ ಈ ತತ್ವವನ್ನು ಸಂಸತ್ತು 1991ರಲ್ಲೇ ಕಾನೂನಿನಲ್ಲಿ ಬರೆದಿರುವುದರಿಂದ ಅಧ್ಯಕ್ಷರ ಆದೇಶ ಅದನ್ನು ರದ್ದು ಮಾಡಲಾರದು. ನೌಕರರು ತಾವಾಗಿಯೇ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ಕೆಲಸ ಸಿಗದ ಒಬ್ಬ ಅಭ್ಯರ್ಥಿಗೆ ತನ್ನ ಜೊತೆ ಅರ್ಜಿ ಹಾಕಿದ ಸಾವಿರಾರು ಜನ ಯಾರು, ಅವರಲ್ಲಿ ಯಾರು ಆಯ್ಕೆಯಾದರು ಎಂಬುದು ಹೇಗೆ ತಿಳಿಯಬೇಕು? ಡ್ಯೂಕ್ ಪವರ್ ಪ್ರಕರಣದಲ್ಲಿ ನ್ಯಾಯಾಲಯ ಉಲ್ಲೇಖಿಸಿದ ಶೇ 58 ಮತ್ತು ಶೇ 6 ಎಂಬ ಅಂಕಿಗಳನ್ನು ಕಂಡುಹಿಡಿದದ್ದು ಸಮಾನ ಉದ್ಯೋಗಾವಕಾಶ ಆಯೋಗ, ಅಂದರೆ ಸರ್ಕಾರ. ನೂರು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳು ತಮ್ಮ ಸಿಬ್ಬಂದಿಯ ವರ್ಣವಾರು ಲೆಕ್ಕವನ್ನು ದಶಕಗಳಿಂದ ಸಲ್ಲಿಸುತ್ತ ಬಂದಿರುವುದೂ ಅದೇ ಆಯೋಗಕ್ಕೆ. ಆ ಲೆಕ್ಕವನ್ನು ಕೈಯಲ್ಲಿ ಹಿಡಿದು ಕಂಪನಿಯ ಬಾಗಿಲಿಗೆ ಹೋಗಿ ವಿವರಣೆ ಕೇಳಬಲ್ಲ ಅಧಿಕಾರಿಗೇ ಈಗ ಕೇಳಬೇಡ ಎಂಬ ಸೂಚನೆ ಬಂದಿದೆ.